ಹೆಸರಿಲ್ಲದ ಸೀಸೆಯ ಗಂಧದೆಣ್ಣೆ



ನೈರೋಬಿಯ ಅಪ್ಪರ್ ಹಿಲ್‌ನ ನಿಮ್ಮ ಮನೆಗೆ ಪರಿಚಿತರೊಬ್ಬರು ಅಗ್ಗವಾಗಿ ತಂದುಕೊಟ್ಟ, ಹೆಸರುಚೀಟಿಯಿಲ್ಲದ ಸೀಸೆಯ ಗಂಧದೆಣ್ಣೆಯನ್ನು ದೇವರ ಪೂಜೆಗೂ ಮಗಳ ವಿವಾಹದ ಪಾಯಸಕ್ಕೂ ಬಳಸಬಹುದೇ ಎಂದು ಕೇಳಿರುವಿರಿ. ಎರಡಕ್ಕೂ ಬೇಡವೆಂಬುದೇ ನನ್ನ ಅಭಿಪ್ರಾಯ; ಅದರಲ್ಲಿರುವುದು ನಮ್ಮ ಗಂಧದ ಎಣ್ಣೆಯಾಗಿರದೆ ಆಫ್ರಿಕದ್ದಾಗಿರಬಹುದು.

ನಮ್ಮ ಶ್ರೀಗಂಧವೂ, ಕೀನ್ಯಾದ ಸಾಂಬುರು ಮೊದಲಾದ ಒಣಸೀಮೆಗಳಲ್ಲಿ ಬೆಳೆಯುವ ಆಸಿರಿಸ್ ಲ್ಯಾನ್ಸಿಯೊಲೇಟ ಎಂಬ ಆಫ್ರಿಕದ ಗಂಧವೂ ನೆರೆಗಿಡಗಳ ಬೇರಿನಿಂದ ಸತ್ತ್ವವನ್ನು ಹೀರಿ ಬದುಕುವ ಸಮೀಪದ ಬಂಧುಗಳೇ ಆಗಿದ್ದರೂ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರಲ್ಲಿ, ಮೈಸೂರು ಸಂಸ್ಥಾನವು ಸ್ವತಃ ಬಟ್ಟಿಯಿಳಿಸಲಾರಂಭಿಸಿದ ತೈಲಕ್ಕೆ ಕೀರ್ತಿ ತಂದ ಸ್ಯಾಂಟಲಾಲ್ ಎಂಬ ಪರಿಮಳಸಾರವು ನಮ್ಮ ಎಣ್ಣೆಯಲ್ಲಿ ನೂರಕ್ಕೆ 90ರ ಸುಮಾರಿನಲ್ಲಿದ್ದರೆ, ಆಫ್ರಿಕದ್ದರಲ್ಲಿ ಅದು ಬಹಳ ಕಡಿಮೆ.

ಅದಕ್ಕಿಂತಲೂ ಗುರುತರವಾದ ವಿಷಯ ಬೇರೆಯಿದೆ. ಬೇರಿನಲ್ಲಿಯೂ ತೈಲವಿರುವುದರಿಂದ ಕಳ್ಳಸಾಗಣೆದಾರರು ಆಫ್ರಿಕದ ಗಂಧದ ಗಿಡವನ್ನು ಬುಡಸಹಿತ ಕೀಳುವರು. ಗಂಡು ಹೆಣ್ಣು ಗಿಡಗಳು ಪ್ರತ್ಯೇಕವಾಗಿರುವ ಈ ಜಾತಿಯಲ್ಲಿ ಹೆಣ್ಣುಗಿಡಗಳನ್ನೇ ಅರಸಿ ಕಿತ್ತರೆ ಬೀಜವೇ ಉಳಿಯದು. ಆದುದರಿಂದಲೇ 2007ರಲ್ಲಿ ಕೀನ್ಯಾದ ರಾಷ್ಟ್ರಾಧ್ಯಕ್ಷರು ಇದರ ಕೊಯ್ಲನ್ನು ನಿಷೇಧಿಸಿದರು. 2013ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ಅಳಿವಿನ ಭೀತಿಯಲ್ಲಿರುವ ಜೀವಜಾತಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ನಿಮ್ಮ ಕೈಸೇರಿದ ಸೀಸೆಯ ಎಣ್ಣೆ ಆ ಗಿಡದ್ದೇ ಎಂದು ನಾನು ಹೇಳಲಾರೆ; ಆದರೆ ಮೂಲ ತಿಳಿಯದ ಸರಕನ್ನು ಕೊಳ್ಳುವವರಿರುವಷ್ಟು ಕಾಲ ಆ ಗಿಡಕ್ಕೆ ಕ್ಷೇಮವಿಲ್ಲ.

ಆಹಾರಕ್ಕೆ ಯೋಗ್ಯವೆಂದು ನಮೂದಿಸದ ಸುಗಂಧತೈಲವನ್ನು ಬಾಯಿಗೆ ಸೋಕಿಸಲೇಬಾರದು. ಪಾಯಸಕ್ಕೆ ಏಲಕ್ಕಿ ಯಥೇಷ್ಟವಾಯಿತು. ಪೂಜೆಗೆ, ಊರಿನಿಂದ ಬರುವವರು ರಸೀತಿಸಹಿತ ತಂದ ಮೈಸೂರಿನ ತೈಲ ಒಂದೆರಡು ತೊಟ್ಟು ಸಾಕು. ದಯವಿಟ್ಟು ಆ ಸೀಸೆಯನ್ನು ಕೊಟ್ಟವರಿಗೇ ಹಿಂದಿರುಗಿಸಿರಿ.