ಹುಲ್ಲು ಒಣಗಿದ್ದಕ್ಕೂ ಪರಿಹಾರ: ಅಮೆರಿಕದವರ ಲೆಕ್ಕ

2023ರ ಬರದಲ್ಲಿ ನಮ್ಮೂರ ಗೋಮಾಳದಲ್ಲಿ ಹಿಡಿ ಹುಲ್ಲು ಉಳಿಯಲಿಲ್ಲ. ಕೊಟ್ಟಿಗೆಯ ನಾಲ್ಕು ರಾಸುಗಳಲ್ಲಿ ಎರಡನ್ನು ಸಂತೆಗೆ ಹೊಡೆದೆ. ಸಿಕ್ಕಿದ್ದು ಅರ್ಧ ಬೆಲೆ. ರಾಗಿ ಹೋದದ್ದಕ್ಕೆ ಅಷ್ಟೋ ಇಷ್ಟೋ ಪರಿಹಾರ ಬಂತು. ಹುಲ್ಲು ಹೋದದ್ದಕ್ಕೆ? ಅದನ್ನು ಬೆಳೆ ಅಂತ ಯಾರೂ ಎಣಿಸುವುದೇ ಇಲ್ಲವಲ್ಲ.

ಈ ಮಾತು ಬಂದಾಗ ಅಮೆರಿಕದಲ್ಲಿ ಓದುತ್ತಿರುವ ಅಣ್ಣನ ಮಗ, "ಚಿಕ್ಕಪ್ಪಾ, ಇಲ್ಲಿ ಅದಕ್ಕೂ ದುಡ್ಡು ಕೊಡ್ತಾರೆ" ಅಂದ. ನನಗೆ ನಂಬಿಕೆ ಬರಲಿಲ್ಲ. ಅವನಿಂದ ವಿವರ ತರಿಸಿಕೊಂಡು ತಿಳಿದದ್ದು ಇಷ್ಟು.

ಯೋಜನೆ 2008ರ ಕೃಷಿ ಕಾಯಿದೆಯಲ್ಲಿ ಹುಟ್ಟಿ, 2014ರಲ್ಲಿ ಕಾಯಂ ಆಯಿತು. ಬರದಿಂದ ಮೇವು ಹೋದರೆ ದನ, ಕುರಿ, ಮೇಕೆ ಸಾಕುವವರಿಗೆ ಹಣ. ಬರ ಇದೆಯೋ ಇಲ್ಲವೋ ಎಂದು ಹೇಳುವುದು ಸ್ಥಳೀಯ ಅಧಿಕಾರಿಯಲ್ಲ, ಒಂದು ನಕ್ಷೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಬರ ಕೇಂದ್ರವೂ ಸರಕಾರಿ ಇಲಾಖೆಗಳೂ ಸೇರಿ 1999ರಿಂದ ಇದನ್ನು ಮಾಡುತ್ತಿವೆ. ಮಳೆ, ಮಣ್ಣಿನ ತೇವ, ಹೊಳೆಯ ನೀರು ಎಲ್ಲ ನೋಡಿ ಪ್ರತಿ ಗುರುವಾರ ಪ್ರಕಟಿಸುತ್ತಾರೆ. ಬರದ ದರ್ಜೆ ಡಿ1ರಿಂದ ಡಿ4. ಕೌಂಟಿಯ, ಅಂದರೆ ನಮ್ಮ ತಾಲ್ಲೂಕಿನಂಥದ್ದರ, ಒಂದು ಮೂಲೆಗೆ ಆ ದರ್ಜೆ ಬಿದ್ದರೂ ಇಡೀ ಕೌಂಟಿ ಅರ್ಹ.

ಮೇಯುವ ಕಾಲದಲ್ಲಿ ಡಿ2 ಸತತ 8 ವಾರ ಇದ್ದರೆ ಒಂದು ತಿಂಗಳ ಹಣ ಎಂದಿತ್ತು. 2025ರ ಕಾನೂನು ಅದನ್ನು 4 ವಾರಕ್ಕೆ ಇಳಿಸಿ, 8 ವಾರಗಳಲ್ಲಿ 7 ವಾರ ಇದ್ದರೆ ಎರಡು ತಿಂಗಳು ಎಂದು ಸೇರಿಸಿತು. ಡಿ3 ಮುಟ್ಟಿದರೆ ಮೂರು ತಿಂಗಳು. ಡಿ3 ನಾಲ್ಕು ವಾರ ಇದ್ದರೆ, ಇಲ್ಲವೇ ಡಿ4 ಒಮ್ಮೆ ಬಂದರೆ ನಾಲ್ಕು. ಡಿ4 ನಾಲ್ಕು ವಾರ ನಿಂತರೆ ಐದು.

ಹಣವೆಷ್ಟು? ದೊಡ್ಡ ಮಾಂಸದ ಹಸುವಿಗೆ ದಿನಕ್ಕೆ 15.7 ಪೌಂಡ್, ಸುಮಾರು 7 ಕಿಲೋ, ಮೆಕ್ಕೆಜೋಳ ಬೇಕು ಎಂದು ಹಿಡಿಯುತ್ತಾರೆ. ಬುಷೆಲಿಗೆ (56 ಪೌಂಡಿಗೆ) 4 ಡಾಲರ್ ಎಂದಿಟ್ಟುಕೊಳ್ಳಿ, ತಿಂಗಳಿಗೆ ಸುಮಾರು 34 ಡಾಲರ್ ಆಯಿತು. ಅದರ ಶೇಕಡಾ 60, ಅಂದರೆ 20 ಡಾಲರ್. ಆದರೆ ನಿಮ್ಮ ಹುಲ್ಲುಗಾವಲು ಇಷ್ಟೇ ರಾಸು ಸಾಕಬಲ್ಲದು ಎಂಬ ಲೆಕ್ಕ ಕಡಿಮೆ ಬಂದರೆ ಅದೇ ಲೆಕ್ಕ. ಬರಕ್ಕಾಗಿ ಹಿಂದಿನ ಎರಡು ವರ್ಷಗಳಲ್ಲಿ ಮಾರಿದ ರಾಸಿಗೂ ಈ ದರದ ಶೇಕಡಾ 80 ಸಿಗುತ್ತದೆ! ಒಬ್ಬನಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ. ದೊಡ್ಡ ಮಂದೆಯವರಿಗೆ ಹೆಚ್ಚು ಹೋಗುತ್ತದೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ನನಗೆ ಹಿಡಿಸಿದ್ದು ಬೇರೆ. ನೆಲ ಗೇಣಿಗೆ ಪಡೆದು ದನ ಮೇಯಿಸುವವನಿಗೇ ಹಣ, ನೆಲವನ್ನು ಬಾಡಿಗೆಗೆ ಕೊಟ್ಟು ಕೂತ ಮಾಲೀಕನಿಗಲ್ಲ. ನಮ್ಮಲ್ಲಿ ಪಹಣಿಯಲ್ಲಿ ಹೆಸರಿದ್ದವನಿಗೆ ಬರುತ್ತದೆ, ಉತ್ತಿದವನು ನೋಡುತ್ತಾ ನಿಲ್ಲುತ್ತಾನೆ. ಆದರೆ ಗೇಣಿಯ ಕಾಗದ, ರಾಸುಗಳ ಲೆಕ್ಕ ಎಲ್ಲ ಅವರು ತೋರಿಸಲೇಬೇಕು. ನಮ್ಮ ಗೋಮಾಳಕ್ಕೆ ಇದು ಹೊಂದುವುದು ಕಷ್ಟ. ಎಲ್ಲರ ಹುಲ್ಲಲ್ಲಿ ನನ್ನ ಪಾಲೆಷ್ಟು ಅಂತ ಬರೆದು ಕೊಡುವವರು ಯಾರು?

ಹುಡುಗನಿಗೆ ಇದನ್ನೇ ಕೇಳಿದೆ. ಅವನು, "ಅದಿರಲಿ ಚಿಕ್ಕಪ್ಪಾ, ಆ ಎರಡು ರಾಸು ಮಾರಿದ್ದಕ್ಕೆ ಸಂತೆ ಚೀಟಿ ಇಟ್ಟಿದ್ದೀರಾ?" ಅಂದ.

ಇಟ್ಟಿರಲಿಲ್ಲ. ಈಗ ಒಂದು ನೋಟ್‌ಬುಕ್ ಮಾಡಿದ್ದೇನೆ. ಯಾವ ರಾಸು, ಯಾವಾಗ ಕೊಂಡದ್ದು, ಮೇವಿಗೆ ಎಷ್ಟು ಕೊಟ್ಟೆ, ಎಲ್ಲ ಬರೆದಿಡುತ್ತಿದ್ದೇನೆ.