ಮಾನಿಟರಿನ ಮೇಲೆ ಬಂದ ಅಪವಾದ

ವಿದ್ಯಾರ್ಥಿವೇತನದ ಅರ್ಜಿ ಕಳುಹಿಸಲು ಅಂದೇ ಕಡೆಯ ದಿನ. ಗೆಳೆಯನ ಕೋಣೆಯಲ್ಲಿ, ಆತನ ಹೊಸ ಮಾನಿಟರನ್ನೂ ನಮ್ಮ ಅಂಕಪಟ್ಟಿಗಳ ಪ್ರತಿಯಿದ್ದ ಹಾರ್ಡ್ ಡಿಸ್ಕನ್ನೂ ಒಂದೇ ಯುಎಸ್‌ಬಿ ಹಬ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಕೂಡಲೇ ವೈಫೈ ಕಡಿಯಿತು. ತಂತಿಯಿಲ್ಲದ ಮೌಸೂ ಕುಂಟತೊಡಗಿತು.

ಹೊಸದಾಗಿ ಬಂದದ್ದು ಮಾನಿಟರಾದುದರಿಂದ ಅದರ ಮೇಲೆಯೇ ಗೂಬೆ ಕೂರಿಸಿದೆವು. ರೌಟರನ್ನು ಮೂರು ಬಾರಿ ಆರಿಸಿ ಹಾಕಿದ್ದೂ ಆಯಿತು. ಕಡೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆನು: ಒಂದೊಂದಾಗಿ ಕಿತ್ತು ನೋಡಿದೆ. ಮಾನಿಟರಿನ ತಂತಿ ಕಿತ್ತರೂ ತೊಂದರೆ ಹೋಗಲಿಲ್ಲ. ಡಿಸ್ಕನ್ನು ಕಿತ್ತೊಡನೆ ಎರಡೂ ಸರಿಹೋದವು.

ಕಾರಣವೇನೆಂದರೆ, ಯುಎಸ್‌ಬಿ 3.0 ತಂತಿಯಲ್ಲಿ ಸಂಕೇತಗಳು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಹೊರಗೆ ಸೋರುವ ರೇಡಿಯೋ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ತುಂಬಿಬಿಡುತ್ತದೆ. ಬ್ಲೂಟೂತ್, ಇಂತಹ ಮೌಸುಗಳು, ಹಲವು ಮನೆಗಳ ವೈಫೈ, ಎಲ್ಲವೂ ಮಾತನಾಡುವುದು ಅಲ್ಲಿಯೇ. ಜಾತ್ರೆಯ ತಮಟೆಯ ಪಕ್ಕದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ! ಇಂಟೆಲ್ ಸಂಸ್ಥೆಯು ಇದನ್ನು ಅಳೆದು 2012ರಲ್ಲಿಯೇ ಪ್ರಕಟಿಸಿದೆ. ಉಪಾಯಕ್ಕೆ ಖರ್ಚು ಹೆಚ್ಚಿಲ್ಲ. ಡಿಸ್ಕನ್ನೂ ಹಬ್ಬನ್ನೂ ಲ್ಯಾಪ್‌ಟಾಪಿನಿಂದ ದೂರವಿಡಬೇಕು. ಮೌಸಿನ ರಿಸೀವರನ್ನು ಉದ್ದನೆಯ ತಂತಿಯಿಂದ ಈಚೆಗೆ ತರಬೇಕು. ರೌಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ವೈಫೈಯನ್ನು ಅದಕ್ಕೆ ಬದಲಿಸಬೇಕು.

ಆ ದಿನ ನಮಗೆ ಇಷ್ಟೆಲ್ಲ ವ್ಯವಧಾನವಿರಲಿಲ್ಲ. ಅಂಕಪಟ್ಟಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಡಿಸ್ಕನ್ನು ಕಿತ್ತಿಟ್ಟೆವು. ರಾತ್ರಿ ಹನ್ನೊಂದಕ್ಕೆ ಅರ್ಜಿ ಹೋಯಿತು.