ಮೊತ್ತ ಕಳೆಯದಂತೆ ಕೂಡಿಸುವುದು ಹೇಗೆ?

ನಮ್ಮ ಮೊಬೈಲಿನಲ್ಲೂ ಈಗ ಹಲವು ಕೋರ್‌ಗಳಿವೆ. ಅವೆಲ್ಲ ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಅವು ಬೇರೆ ಬೇರೆಯಾಗಿ ಮಾಡಿದ ಲೆಕ್ಕವನ್ನು ಒಟ್ಟುಗೂಡಿಸುವ ಬಗೆಯನ್ನು ನಮ್ಮ ಭಾಗದ ಒಣದ್ರಾಕ್ಷಿಯ ಉದಾಹರಣೆಯಿಂದ ಹೇಳುತ್ತೇನೆ.

ವಿಜಯಪುರದಲ್ಲಿ ಒಂದು ಹಲಗೆಯ ಮೇಲೆ ‘ಮೊತ್ತ 100 ಕ್ವಿಂಟಲ್’ ಎಂದು ಬರೆದಿದೆ ಎಂದುಕೊಳ್ಳಿ. ತಿಕೋಟಾದ ಗುಮಾಸ್ತರು 20, ಬಬಲೇಶ್ವರದ ಗುಮಾಸ್ತರು 30 ಸೇರಿಸಬೇಕು. ಇಬ್ಬರೂ ಒಂದೇ ಸಲ 100 ಎಂದು ಓದಿಕೊಂಡರು. ತಿಕೋಟಾದವರು 120 ಬರೆದರು. ಬಬಲೇಶ್ವರದವರು ಅದನ್ನು ಅಳಿಸಿ 130 ಬರೆದರು. ಬರಬೇಕಾದದ್ದು 150. ತಿಕೋಟಾದ 20 ಕ್ವಿಂಟಲ್ ಮಾಯ! ಇದೇ ‘ರೇಸ್ ಕಂಡೀಷನ್’. ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡದೆ ಒಮ್ಮೆ ಸರಿ, ಒಮ್ಮೆ ತಪ್ಪು ಉತ್ತರ ಕೊಡಬಹುದು. ಅಪಾಯ ಇರುವುದೇ ಅಲ್ಲಿ.

ಹಲಗೆಗೆ ‘ಲಾಕ್’ ಹಾಕಿ ಒಬ್ಬೊಬ್ಬರನ್ನೇ ಬಿಟ್ಟರೆ ಉತ್ತರ ಸರಿಯಾಗುತ್ತದೆ, ಆದರೆ ಪ್ರತಿ ಸಲವೂ ಸರದಿ ಕಾಯಬೇಕು. ಅದಕ್ಕಿಂತ ಒಳ್ಳೆಯ ದಾರಿ ಹೀಗಿದೆ: ಪ್ರತಿಯೊಂದು ಥ್ರೆಡ್ ತನ್ನ ಮೊತ್ತವನ್ನು ತನ್ನದೇ ಜಾಗದಲ್ಲಿ ಬರೆದುಕೊಳ್ಳಲಿ, ಎಲ್ಲ ಥ್ರೆಡ್‌ಗಳೂ ಮುಗಿಸುವವರೆಗೆ ‘ಬ್ಯಾರಿಯರ್’ನಲ್ಲಿ ನಿಲ್ಲಲಿ, ಆಮೇಲೆ 100 + 20 + 30 ಎಂದು ಕೂಡಿಸಿ. 1997ರಲ್ಲಿ ಫೋರ್ಟ್ರಾನ್‌ಗೆ, 1998ರಲ್ಲಿ ಸಿ ಭಾಷೆಗೆ ಬಂದ ಓಪನ್‌ಎಂಪಿಯಲ್ಲಿ ‘ರಿಡಕ್ಷನ್’ ಎಂಬ ಸೂಚನೆ ಈ ಕೆಲಸವನ್ನೇ ಮಾಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನ ಒಂದೊಂದು ನೋಡ್‌ನೊಳಗೂ ಇದೇ ನಿಯಮ. ನೋಡ್‌ಗಳ ಮೆಮೊರಿ ಬೇರೆ ಬೇರೆಯಾದ್ದರಿಂದ ಅವುಗಳ ನಡುವೆ ಮಾತ್ರ ಸಂದೇಶ ಕಳಿಸಿ ಕೂಡಿಸಬೇಕು.

ಅಭ್ಯಾಸ: ಇಬ್ಬರೂ 100 ಓದಿದ ಮೇಲೆ ಬಬಲೇಶ್ವರದವರು ಮೊದಲು, ತಿಕೋಟಾದವರು ನಂತರ ಬರೆದರೆ ಹಲಗೆಯಲ್ಲಿ ಉಳಿಯುವುದು ಎಷ್ಟು?